‘ಹೆಂಗ ಗೊತ್ತಾತ್ರೀ?’: ಕಲ್ಲು, ಕಾಗದ, ನಕಾಶೆಗಳ ಕುರಿತು ಓದುಗರ ಪ್ರಶ್ನೆಗಳು

ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ಇತಿಹಾಸ, ಭೂಗೋಳಗಳನ್ನು ಬಾಯಿಪಾಠ ಮಾಡಿಸುವ ಬದಲು ಆ ಕೆಲಸವನ್ನೇ ಮಾಡಿಸುವುದು ಹೇಗೆ ಎಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಿಕ್ಷಕರು ಮತ್ತು ಪಾಲಕರು ಬರೆದು ಕೇಳಿದ್ದಾರೆ. ಅವುಗಳಲ್ಲಿ ಏಳು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಚಾಲುಕ್ಯರ ಪಾಠ ನಡೆದಾಗ ಒಬ್ಬ ಹುಡುಗಿ ‘ಇದೆಲ್ಲಾ ನಿಮಗ ಹೆಂಗ ಗೊತ್ತಾತ್ರೀ ಟೀಚರ್?’ ಎಂದಳು. ‘ಪುಸ್ತಕದಾಗ ಐತಿ’ ಎಂದು ಮುಂದೆ ಹೋದೆ. ಆ ಉತ್ತರ ನನಗೇ ಸಮಾಧಾನ ತಂದಿಲ್ಲ. ಸಣ್ಣ ಮಕ್ಕಳಿಗೆ ಇತಿಹಾಸಕಾರರ ಕೆಲಸವನ್ನು ಎಲ್ಲಿಂದ ಶುರು ಮಾಡಿ ತೋರಿಸಬೇಕು?
(ಶಿಕ್ಷಕಿ, ಹುನಗುಂದ ತಾಲೂಕು)

ಉತ್ತರ: ಆ ಹುಡುಗಿ ಕೇಳಿದ್ದೇ ಇತಿಹಾಸಕಾರರು ದಿನವೂ ಕೇಳಿಕೊಳ್ಳುವ ಪ್ರಶ್ನೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಚ್ಚಿ. ಆದರೆ ಶುರು ಮಾಡುವುದು ಪುಲಕೇಶಿಯಿಂದ ಬೇಡ, ನಿನ್ನೆಯ ಬಿಸಿಯೂಟದಿಂದ ಮಾಡಿ.

ನಾಲ್ಕು ಮಕ್ಕಳನ್ನು ನಾಲ್ಕು ಮೂಲೆಯಲ್ಲಿ ಕೂಡಿಸಿ. ಒಬ್ಬರೊಡನೊಬ್ಬರು ಮಾತಾಡಬಾರದು. ನಿನ್ನೆ ಊಟದ ಗಂಟೆ ಹೊಡೆದಾಗಿನಿಂದ ಮುಂದಿನ ಗಂಟೆಯವರೆಗೆ ಏನೇನಾಯಿತು ಎಂದು ಹತ್ತು ನಿಮಿಷದಲ್ಲಿ ಎಂಟು ಸಾಲು ಬರೆಸಿ, ಆಮೇಲೆ ಗಟ್ಟಿಯಾಗಿ ಓದಿಸಿ. ನಾಲ್ಕೂ ಬೇರೆಬೇರೆ ಇರುತ್ತವೆ. ಎಡವುವುದು ಇಲ್ಲೇ: ‘ಯಾರದು ಖರೆ, ಯಾರದು ಸುಳ್ಳು?’ ಎಂದು ಕೇಳಿಬಿಟ್ಟರೆ ಮಕ್ಕಳು ಹೆದರಿ ಒಬ್ಬರದನ್ನೊಬ್ಬರು ನಕಲು ಮಾಡಲು ಶುರು ಮಾಡುತ್ತಾರೆ. ‘ನೀ ಎಲ್ಲಿ ಕೂತಿದ್ದಿ? ಅಲ್ಲಿಂದ ನಿನಗ ಏನು ಕಾಣತಿತ್ತು?’ ಎಂದು ಕೇಳಿ. ಬಾಗಿಲ ಬಳಿ ಕೂತವನಿಗೆ ನಾಯಿ ಒಳಬಂದದ್ದು ಗೊತ್ತು. ಬಡಿಸುವವರ ಬಳಿ ಕೂತವಳಿಗೆ ಸಾರು ಸಾಲದೆ ಬಂದದ್ದು ಗೊತ್ತು. ಕೂತ ಜಾಗ ಬದಲಾದರೆ ಸಾಕ್ಷಿಯೂ ಬದಲಾಗುತ್ತದೆ ಎಂಬುದು ಅವರಿಗೇ ಹೊಳೆಯುತ್ತದೆ.

ಈಗ ಬಿಸಿಯೂಟದ ದಾಸ್ತಾನು ಪುಸ್ತಕ ತನ್ನಿ. ಅದರಲ್ಲಿ ಅಕ್ಕಿ ಎಷ್ಟು ಕಿಲೋ, ಉಂಡವರು ಎಷ್ಟು ಮಂದಿ ಎಂಬುದಿದೆ. ನಾಯಿಯ ಸುದ್ದಿ ಇಲ್ಲ. ಯಾಕಿಲ್ಲ? ಅದು ಲೆಕ್ಕ ಒಪ್ಪಿಸಲು ಬರೆದ ಪುಸ್ತಕ. ಯಾವುದೇ ಬರಹವನ್ನು ಓದುವ ಮೊದಲು ‘ಯಾರು ಬರೆದರು, ಯಾರಿಗಾಗಿ, ಯಾವಾಗ?’ ಎಂದು ಕೇಳುವ ರೂಢಿ ಇಷ್ಟರಿಂದಲೇ ಬರುತ್ತದೆ.

ಮುಂದಿನ ವಾರಕ್ಕೆ ಶಾಲೆಯ ಹಳೆಯ ದಾಖಲಾತಿ ರಜಿಸ್ಟರ್. ಹೆಸರು, ಜಾತಿಯಂಥ ಖಾಸಗಿ ವಿವರ ಅದರಲ್ಲಿ ಇರುವುದರಿಂದ ಮಕ್ಕಳ ಕೈಗೆ ಕೊಡಬೇಡಿ. ಐವತ್ತು ಅರವತ್ತು ವರ್ಷ ಹಿಂದಿನ ಎರಡು ಪುಟಗಳಿಂದ ಜನ್ಮದಿನಾಂಕಗಳನ್ನಷ್ಟೇ ಹಲಗೆಯ ಮೇಲೆ ಬರೆಯಿರಿ. ಜೂನ್ 1 ಮತ್ತೆಮತ್ತೆ ಬಂದರೆ, ಅದು ಎಷ್ಟು ಸಲ ಬಂತೆಂದು ಎಣಿಸಲಿ. ಅಷ್ಟು ಮಕ್ಕಳು ಒಂದೇ ದಿನ ಹುಟ್ಟಲು ಸಾಧ್ಯವೇ? ಹುಟ್ಟಿದ ದಿನ ಮನೆಯವರಿಗೆ ನೆನಪಿರದಿದ್ದಾಗ ಶಾಲೆಗೆ ಸೇರಿಸಲು ವಯಸ್ಸು ಹೊಂದುವಂತೆ ಮಾಸ್ತರರು ಬರೆದುಕೊಂಡ ತಾರೀಖು ಅದು. ಅಂದಮೇಲೆ ಆ ರಜಿಸ್ಟರು ‘ಯಾವಾಗ ಶಾಲೆ ಸೇರಿದ’ ಎಂಬುದಕ್ಕೆ ಗಟ್ಟಿ ಸಾಕ್ಷಿ, ‘ಯಾವಾಗ ಹುಟ್ಟಿದ’ ಎಂಬುದಕ್ಕೆ ಸಡಿಲ ಸಾಕ್ಷಿ. ಒಂದೇ ಕಾಗದ ಒಂದು ಪ್ರಶ್ನೆಗೆ ನಂಬಿಕೆಯದ್ದಾಗಿ ಇನ್ನೊಂದಕ್ಕೆ ಆಗದಿರಬಹುದು. ಎಂಟನೇ ತರಗತಿಯೊಳಗೆ ಇದೊಂದು ತಿಳಿದರೆ ನಾವು ಸಾಕಷ್ಟು ಕಲಿಸಿದ ಹಾಗೆ.

ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಮೂರು ಕಾಲಂ ಹಾಕಿಸಿ: ಕಂಡದ್ದು, ಊಹಿಸಿದ್ದು, ಇನ್ನೂ ಕೇಳಬೇಕಾದ್ದು. ಕೆಳಗೆ ಬರುವ ಎಲ್ಲ ಕೆಲಸಗಳಿಗೂ ಇದೇ ಪುಟ. ಮೊದಲ ತಿಂಗಳು ಮಕ್ಕಳು ಊಹೆಯನ್ನೆಲ್ಲ ಒಯ್ದು ಮೊದಲ ಕಾಲಂನಲ್ಲಿ ಹಾಕುತ್ತಾರೆ. ‘ಹಳೇ ಗುಡಿ’ ಎಂದು ಬರೆದಿದ್ದರೆ ‘ಹಳೇದು ಅಂತ ಕಣ್ಣಿಗೆ ಕಂಡಿತೇನು, ಇಲ್ಲಾ ಕಲ್ಲು ಕಪ್ಪಾಗಿದ್ದು ಕಂಡಿತೇನು?’ ಎಂದು ಕೇಳಿ ಅವರಿಂದಲೇ ತಿದ್ದಿಸಿ.

ಪ್ರಶ್ನೆ: ಬಾದಾಮಿ, ಐಹೊಳೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಶಾಸನ ತೋರಿಸಿದರೆ ‘ಓದಾಕ ಬರಂಗಿಲ್ಲ’ ಎಂದು ಮುಂದೆ ಓಡುತ್ತಾರೆ. ಅಕ್ಷರ ಕಾಣಲು ಸುಣ್ಣದ ಕಡ್ಡಿಯಿಂದ ತಿದ್ದಬಹುದೇ? ಪರಶುರಾಮ ಕೊಡಲಿ ತೊಳೆದಾಗ ಹೊಳೆ ಕೆಂಪಾಯಿತು, ಅದಕ್ಕೆ ‘ಅಯ್ಯೋ ಹೊಳೆ’ ಎಂಬ ಹೆಸರು ಬಂತು ಎನ್ನುವ ಕಥೆಯನ್ನು ಹೇಳಬೇಕೋ ಬೇಡವೋ?
(ಪ್ರೌಢಶಾಲಾ ಶಿಕ್ಷಕರು, ಗುಳೇದಗುಡ್ಡ)

ಉತ್ತರ: ಸುಣ್ಣದ ಕಡ್ಡಿ, ಇದ್ದಿಲು, ಎಣ್ಣೆ, ವಿಭೂತಿ, ನೀರು ಯಾವುದೂ ಬೇಡ. ಮರಳುಗಲ್ಲಿನ ಮೇಲ್ಮೈ ಕಣಕಣವಾಗಿ ಉದುರುವಂಥದ್ದು. ಒಂದೊಂದು ಸಲ ತಿಕ್ಕಿದಾಗಲೂ ಅಕ್ಷರದ ಅಂಚು ಸವೆಯುತ್ತದೆ. ಸಂರಕ್ಷಿತ ಸ್ಮಾರಕದ ಮೇಲೆ ಹಾಗೆ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ತೋಯಿಸಿದ ಕಾಗದವನ್ನು ಕುಂಚದಿಂದ ಬಡಿದು ಕೂಡಿಸಿ ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಪುರಾತತ್ವದವರು ಅನುಮತಿಯೊಂದಿಗೆ ಮಾಡುವ ಕೆಲಸ.

ಅಕ್ಷರ ಕಾಣಬೇಕಾದರೆ ಬೆಳಕನ್ನು ಬದಲಿಸಿ. ನಡುಹಗಲಿನ ನೇರ ಬೆಳಕಿನಲ್ಲಿ ಮಾಸಿದ ಅಕ್ಷರ ಕಾಣುವುದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೆರೆಗೂ ನೆರಳು ಹುಟ್ಟುತ್ತದೆ. ನೆರಳಿನ ಗೋಡೆಯಾದರೆ ಟಾರ್ಚನ್ನು ಕಲ್ಲಿಗೆ ಎದುರಾಗಿ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ಸಮಾನಾಂತರವಾಗಿ ಹಾಯಿಸಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ ತೆಗೆದು ಶಾಲೆಯಲ್ಲಿ ಹೋಲಿಸಿ. ಕಣ್ಣಿಗೆ ದಕ್ಕದ ಅಕ್ಷರ ಮೂರರಲ್ಲಿ ಒಂದರಲ್ಲಾದರೂ ಸಿಗುತ್ತದೆ.

ಓದಲು ಬರದಿದ್ದರೂ ಕೆಲಸವಿದೆ. ಬಾದಾಮಿಯ ಮೂರನೇ ಗುಹೆಯ ಶಾಸನ ಚಾಲುಕ್ಯರ ಮಂಗಳೇಶನದು. ಅದು ಕಾಲವನ್ನು ತಾನೇ ಹೇಳುತ್ತದೆ: ಶಕ ವರ್ಷ 500, ಕಾರ್ತಿಕ ಹುಣ್ಣಿಮೆ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 578. (ಶಕ ವರ್ಷ ಚೈತ್ರಕ್ಕೆ ಶುರುವಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 79 ಕೂಡಿಸಬೇಕು. ಪುಷ್ಯ, ಮಾಘ, ಫಾಲ್ಗುಣದ ಶಾಸನಗಳಲ್ಲಿ ಲೆಕ್ಕ ತಪ್ಪುವುದು ಇದರಿಂದಲೇ.) ಬಾದಾಮಿಯದೇ ಕಪ್ಪೆ ಅರಭಟ್ಟನ ಶಾಸನದಲ್ಲಿ ವರ್ಷವಿಲ್ಲ. ಆದರೂ ಅದು ಸುಮಾರು ಕ್ರಿ.ಶ. 700ರದ್ದು ಎನ್ನುತ್ತಾರೆ. ಹೆಂಗ ಗೊತ್ತಾತು? ವರ್ಷ ನಮೂದಾದ ಶಾಸನಗಳ ಅಕ್ಷರದ ತಿರುವುಗಳನ್ನು ಸಾಲಾಗಿ ಇಟ್ಟು, ಇದರ ಅಕ್ಷರ ಯಾವುದಕ್ಕೆ ಹತ್ತಿರ ಎಂದು ನೋಡುವುದರಿಂದ. ವರ್ಷ ಇರುವ ಕಲ್ಲು ವರ್ಷವಿಲ್ಲದ ಕಲ್ಲಿಗೆ ಅಳತೆಗೋಲು. ಅದರ ತ್ರಿಪದಿಯಲ್ಲಿ ಬರುವ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಹಲಗೆಯ ಮೇಲೆ ಬರೆದು ತೋರಿಸಿ. ಸಾವಿರದ ಮುನ್ನೂರು ವರ್ಷ ಹಿಂದಿನ ಮಾತು ಏಳನೇ ತರಗತಿಯ ಮಗುವಿಗೆ ಅರ್ಥವಾಗುತ್ತದೆ. ಆಗ ಆ ಮುಖಗಳು ಅರಳುವುದನ್ನು ನೋಡಬೇಕು.

ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ, ಶಕ 556, ಅಂದರೆ ಕ್ರಿ.ಶ. 634-35. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಇದರಿಂದ ಎರಡು ಪಾಠ ತೆಗೆಯಬಹುದು. ಒಂದು: ರವಿಕೀರ್ತಿ ಕಾಳಿದಾಸ, ಭಾರವಿಯರ ಹೆಸರು ಹೇಳುತ್ತಾನೆ. ಕಾಳಿದಾಸ ಯಾವಾಗ ಇದ್ದನೆಂದು ಅದು ಹೇಳುವುದಿಲ್ಲ. 634ಕ್ಕಿಂತ ಈಚೆಯವನಲ್ಲ ಎಂಬುದನ್ನು ಮಾತ್ರ ಸಾಧಿಸಿಕೊಡುತ್ತದೆ. ಇತಿಹಾಸದಲ್ಲಿ ಇಂಥ ಅರ್ಧ ಉತ್ತರಕ್ಕೂ ಬೆಲೆಯಿದೆ. ಎರಡು: ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಎಂದು ಶಾಸನ ಹೊಗಳುತ್ತದೆ. ಆಸ್ಥಾನಕವಿ ತನ್ನ ದೊರೆಯನ್ನು ಹೊಗಳದೆ ಇರುತ್ತಾನೆಯೇ? ಹಾಗಾಗಿ ಇನ್ನೊಂದು ಸಾಕ್ಷಿ ಬೇಕು. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ ಹರ್ಷನಿಗೆ ಪುಲಕೇಶಿಯನ್ನು ಮಣಿಸಲು ಆಗಲಿಲ್ಲ ಎಂದೇ ಬರೆದಿದ್ದಾನೆ. ಪುಲಕೇಶಿಯ ಕಡೆಯವನಲ್ಲದವನೂ ಅದೇ ಮಾತು ಹೇಳಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಪರಶುರಾಮನ ಕಥೆಯನ್ನು ಖಂಡಿತ ಹೇಳಿ, ಆದರೆ ಬೇರೆ ಪುಟದಲ್ಲಿ ಬರೆಸಿ. ಶಾಸನಗಳಲ್ಲಿ ಊರಿನ ಹೆಸರು ‘ಅಯ್ಯಾವೊಳೆ’. ಹೆಸರು ಹೇಗೆ ಬಂತು ಎಂಬುದಕ್ಕೆ ಕಥೆ ಸಾಕ್ಷಿಯಾಗದು. ಆದರೆ ಜನ ಆ ಕೆಂಪನ್ನು ಗಮನಿಸಿ ಅದಕ್ಕೊಂದು ಕಾರಣ ಹುಡುಕಿದ್ದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಕೆಂಪಿಗೆ ಭೂಗೋಳದ ಉತ್ತರವೂ ಇದೆ: ಇಲ್ಲಿನ ಮರಳುಗಲ್ಲಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ. ಪಟ್ಟದಕಲ್ಲಿನ ಹಳೆಯ ಹೆಸರು ‘ಕಿಸುವೊಳಲ್’, ಕೆಂಪು ಪಟ್ಟಣ. ಒಂದೇ ಬಣ್ಣವನ್ನು ಕಥೆಯೂ ಊರ ಹೆಸರೂ ಕಲ್ಲೂ ಹೇಳುತ್ತಿವೆ.

ಪ್ರಶ್ನೆ: ಮಕ್ಕಳೊಂದಿಗೆ ಗೋಳಗುಮ್ಮಟಕ್ಕೆ ಹೋದರೆ ಮೇಲೆ ಹತ್ತಿ ಕೂಗಿ ಇಳಿದು ಬರುವುದಷ್ಟೇ ಆಗುತ್ತದೆ. ಏನು ಮಾಡಿಸಬಹುದು?
(ಪಾಲಕರು, ವಿಜಯಪುರ)

ಉತ್ತರ: ಒಂದು ದಿನಕ್ಕೆ ಏಳು ಜಾಗ ಸುತ್ತಿಸುವುದನ್ನು ಮೊದಲು ಬಿಡಿ. ಅರ್ಧ ದಿನಕ್ಕೆ ಒಂದೇ ಕಟ್ಟಡ. ಕೂಗುವುದೂ ಇರಲಿ, ಒಬ್ಬರು ಒಂದೇ ಸಲ ಚಪ್ಪಾಳೆ ತಟ್ಟಿ, ಉಳಿದವರು ಸುಮ್ಮನಿದ್ದು ಎಷ್ಟು ಸಲ ಮರುದನಿ ಬಂತೆಂದು ಎಣಿಸಿ ಬರೆದುಕೊಂಡರೆ ಅದೂ ವೀಕ್ಷಣೆಯೇ.

ಅಳತೆಗೆ ಹೆಜ್ಜೆ ಸಾಕು. ಹೊರಗೋಡೆಯ ಒಂದು ಬದಿಯನ್ನು ಹೆಜ್ಜೆಯಲ್ಲಿ ಅಳೆಯಲಿ. 60 ಸೆಂಟಿಮೀಟರ್ ಹೆಜ್ಜೆಯ ಮಗುವಿಗೆ ಸುಮಾರು 79 ಹೆಜ್ಜೆ ಬಂದರೆ ಪುಸ್ತಕದ 47.5 ಮೀಟರಿಗೆ ಹೊಂದುತ್ತದೆ. ಹೊಂದದಿದ್ದರೆ ಮಗುವನ್ನು ತಪ್ಪೆನ್ನುವ ಮೊದಲು, ಮೂಲೆಯ ಗೋಪುರಗಳ ಉಬ್ಬನ್ನು ಸೇರಿಸಿ ಅಳೆದಳೋ ಬಿಟ್ಟು ಅಳೆದಳೋ ಕೇಳಿ. ಎಲ್ಲಿಂದ ಎಲ್ಲಿಗೆ ಎಂದು ಬರೆಯದ ಅಳತೆ ಯಾರಿಗೂ ಉಪಯೋಗಕ್ಕೆ ಬಾರದು. ನೆರಳಿನಿಂದ ಎತ್ತರ ಕಂಡುಹಿಡಿಯುವ ಲೆಕ್ಕವನ್ನು ಮಾತ್ರ ಶಾಲೆಯ ಧ್ವಜಸ್ತಂಭಕ್ಕೆ ಇಟ್ಟುಕೊಳ್ಳಿ. ಗುಮ್ಮಟದ ತುದಿ ಗೋಡೆಯ ಅಂಚಿನ ಮೇಲಿಲ್ಲ, ಕಟ್ಟಡದ ನಟ್ಟನಡುವೆ ಇದೆ. ಗೋಡೆಯಿಂದ ನೆರಳನ್ನು ಅಳೆದರೆ ಒಳಗಿನ ಅರ್ಧ ಅಗಲ ಬಿಟ್ಟುಹೋಗಿ ಎತ್ತರ ಕಡಿಮೆ ಬರುತ್ತದೆ.

ಕಾಲದ ಕೆಲಸಕ್ಕೆ ಮಲಿಕ್-ಎ-ಮೈದಾನ್ ತೋಪಿಗಿಂತ ಒಳ್ಳೆಯದು ಊರಲ್ಲೇ ಇಲ್ಲ. ಅದು ಅಹಮದನಗರದಲ್ಲಿ ಹಿಜರಿ 956ರಲ್ಲಿ ಎರಕಗೊಂಡದ್ದು. ಅದೇ ತೋಪಿನ ಮೇಲೆ ಹಿಜರಿ 1097ರ ಔರಂಗಜೇಬನ ಬರಹವೂ ಇದೆ. ಹಿಜರಿ ವರ್ಷಕ್ಕೆ 354 ದಿನ, ನಮ್ಮ ಕ್ಯಾಲೆಂಡರಿಗೆ 365. ಹಾಗಾಗಿ ನೇರವಾಗಿ 622 ಕೂಡಿಸಬಾರದು; ಮೊದಲು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಬೇಕು. ಮೊದಲನೆಯದು 1549 ಬರುತ್ತದೆ, ಎರಡನೆಯದು 1686, ವಿಜಯಪುರ ಮೊಗಲರ ಕೈಸೇರಿದ ವರ್ಷ. ಗುಣಾಕಾರ ಬಿಟ್ಟವರಿಗೆ 1097 ಹೋಗಿ 1719 ಆಗುತ್ತದೆ. ಔರಂಗಜೇಬ ತೀರಿಕೊಂಡದ್ದು 1707ರಲ್ಲಿ. ಉತ್ತರ ಅಸಾಧ್ಯವೆಂದು ಮಗುವೇ ಹಿಡಿಯುತ್ತದೆ. ನಂತರ ನಿಜವಾದ ಪ್ರಶ್ನೆ: ಅಹಮದನಗರದ ತೋಪು ಇಲ್ಲಿಗೆ ಯಾಕೆ ಬಂತು? ಗೆದ್ದವರು ಅದರ ಮೇಲೆ ತಮ್ಮ ಹೆಸರು ಯಾಕೆ ಕೆತ್ತಿಸಿದರು? ಮೊದಲು ಊಹೆಯ ಕಾಲಂ ತುಂಬಲಿ, ಪುಸ್ತಕ ಆಮೇಲೆ.

ಬಾದಾಮಿಗೂ ಹೋಗುವವರಿದ್ದರೆ ದಾರಿಯನ್ನೇ ಪಾಠ ಮಾಡಿ. ಗೋಳಗುಮ್ಮಟದ್ದು ಕರಿಗಲ್ಲು, ಸುಮಾರು ಆರೂವರೆ ಕೋಟಿ ವರ್ಷ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಬಾದಾಮಿಯದು ಅದಕ್ಕಿಂತ ಬಹಳ ಹಳೆಯ ಕೆಂಪು ಮರಳುಗಲ್ಲು. ಪ್ರತಿ 10 ಕಿಲೋಮೀಟರಿಗೆ ಒಮ್ಮೆ ಮಣ್ಣಿನ ಬಣ್ಣ, ಬೆಳೆ, ಮನೆಯ ಮಾಳಿಗೆ, ಬದುವಿನ ಕಲ್ಲು ಬರೆದುಕೊಳ್ಳಲಿ. ಕೊಲ್ಹಾರದಲ್ಲಿ ಕೃಷ್ಣೆ ದಾಟಿ ಬಾಗಲಕೋಟೆ ಹಿಂದೆ ಬೀಳುತ್ತಿದ್ದಂತೆ ಎರಿ ಹೊಲದ ಕಪ್ಪು ಕಡಿಮೆಯಾಗಿ ಮಸಾರಿಯ ಕೆಂಪು ಬರುತ್ತದೆ. ನೋಡಬೇಕಾದ್ದು ಉತ್ತ ಹೊಲವನ್ನು. ರಸ್ತೆಯಂಚಿನಲ್ಲಿರುವುದು ಬೇರೆಲ್ಲಿಂದಲೋ ತಂದು ಸುರಿದ ಗರಸು. ಅದನ್ನು ಬರೆದುಕೊಂಡರೆ ಇಡೀ ಪಟ್ಟಿ ಹಾಳು.

ಪ್ರಶ್ನೆ: ‘ನಿಮ್ಮ ಊರಿನ ನಕ್ಷೆ ಬರೆಯಿರಿ’ ಎಂದರೆ ಮಕ್ಕಳು ಶಾಲೆಯನ್ನು ದೊಡ್ಡದಾಗಿ, ಊರನ್ನು ಸಣ್ಣದಾಗಿ ಬರೆಯುತ್ತಾರೆ. ನಿಜವಾದ ನಕ್ಷೆ ಮಾಡಿಸುವುದು ಹೇಗೆ?
(ಶಿಕ್ಷಕರು, ಬೈಲಹೊಂಗಲ ತಾಲೂಕು)

ಉತ್ತರ: ಮಗು ತನಗೆ ಮುಖ್ಯವಾದದ್ದನ್ನು ದೊಡ್ಡದು ಮಾಡುತ್ತದೆ. ಅದು ಸಹಜ. ಆ ಮೊದಲ ಚಿತ್ರವನ್ನು ಎಸೆಯಬೇಡಿ, ಕೊನೆಗೆ ಹೋಲಿಸಲು ಬೇಕಾಗುತ್ತದೆ. ಕೆಲಸಕ್ಕೆ ನಾಲ್ಕೈದು ಅವಧಿ ಹಿಡಿಯುತ್ತದೆ. ಬೇಕಾದದ್ದು 30 ಮೀಟರ್ ಟೇಪು, ನೇರವಾದ ಒಂದು ಕೋಲು, ಹಗ್ಗ, ಚೌಕಳಿ ಹಾಳೆ.

ಮೊದಲು ಹೆಜ್ಜೆಯ ಅಳತೆ. ಮೈದಾನದಲ್ಲಿ 30 ಮೀಟರ್ ಗುರುತು ಮಾಡಿ, ಪ್ರತಿ ಮಗುವೂ ಮೂರು ಸಲ ದಿನದ ನಡಿಗೆಯಲ್ಲೇ ನಡೆದು ಹೆಜ್ಜೆ ಎಣಿಸಿ ಸರಾಸರಿ ತೆಗೆಯಲಿ. 50 ಹೆಜ್ಜೆ ಬಂದರೆ ಒಂದು ಹೆಜ್ಜೆ 60 ಸೆಂಟಿಮೀಟರ್. ಎಲ್ಲರೂ ನೋಡುತ್ತಿದ್ದಾರೆಂದು ಮೈದಾನದಲ್ಲಿ ಉದ್ದುದ್ದ ಹೆಜ್ಜೆ ಹಾಕಿ, ಓಣಿಯಲ್ಲಿ ಸಣ್ಣ ಹೆಜ್ಜೆ ಹಾಕಿದರೆ ಊರು ಹಿಗ್ಗಿಬಿಡುತ್ತದೆ. ದಿನ್ನೆ ಹತ್ತುವಾಗಲೂ ಹೆಜ್ಜೆ ಕುಗ್ಗುತ್ತದೆ; ಅಂಥ ಕಡೆ ಟೇಪು ಬಳಸಿ.

ಉತ್ತರ ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಲದು. ಕಬ್ಬಿಣದ ಕಂಬ, ತಗಡಿನ ಚಾವಣಿ, ಬೈಕು ಹತ್ತಿರವಿದ್ದರೆ ಅದು ತಿರುಗುತ್ತದೆ. ಅರ್ಧ ಮೀಟರಿನ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಡಿ. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ನೆರಳಿನ ತುದಿ ಎಲ್ಲಿದೆಯೋ ಅಷ್ಟು ದೂರದಲ್ಲಿ, ಕೋಲನ್ನೇ ನಡುವಾಗಿಟ್ಟು, ಹಗ್ಗದಿಂದ ವೃತ್ತ ಎಳೆಯಿರಿ. ಮಧ್ಯಾಹ್ನ ನೆರಳು ಕುಗ್ಗಿ, ಮತ್ತೆ ಬೆಳೆದು ವೃತ್ತವನ್ನು ಇನ್ನೊಂದು ಕಡೆ ಮುಟ್ಟುತ್ತದೆ. ಬೆಳಗಿನ ಗುರುತು ಪಶ್ಚಿಮದ್ದು, ಮಧ್ಯಾಹ್ನದ್ದು ಪೂರ್ವದ್ದು. ಎರಡನ್ನೂ ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ-ದಕ್ಷಿಣ.

ಈ ಕೆಲಸದಲ್ಲಿ ಪಠ್ಯಪುಸ್ತಕದ ಎರಡು ಮಾತು ನಮ್ಮ ಊರಿಗೆ ಹೊಂದುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಳಗಾವಿ ಸುಮಾರು 74.5 ಡಿಗ್ರಿಯಲ್ಲಿದೆ. ಎಂಟು ಡಿಗ್ರಿ ವ್ಯತ್ಯಾಸಕ್ಕೆ ಡಿಗ್ರಿಗೆ ನಾಲ್ಕರಂತೆ 32 ನಿಮಿಷ. ಹಾಗಾಗಿ ಇಲ್ಲಿ ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸು; ತಿಂಗಳಿಂದ ತಿಂಗಳಿಗೆ ಅದೂ ಕಾಲು ಗಂಟೆಯವರೆಗೆ ಹಿಂದೆ ಮುಂದೆ ಆಗುತ್ತದೆ. ಎರಡನೆಯದು, ನಡುಹಗಲ ನೆರಳು ಉತ್ತರಕ್ಕೇ ಬೀಳುತ್ತದೆ ಎಂಬುದು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಸೂರ್ಯ ನಮ್ಮ ತಲೆಯ ಉತ್ತರಕ್ಕೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ಅವಧಿಯ ಎರಡೂ ತುದಿಯಲ್ಲಿ ಒಂದೊಂದು ದಿನ ಕೋಲಿಗೆ ನೆರಳೇ ಇರುವುದಿಲ್ಲ.

ಈಗ ಪ್ರಮಾಣ. 1 ಸೆಂಟಿಮೀಟರಿಗೆ 20 ಮೀಟರ್ ಹಿಡಿದರೆ 600 ಮೀಟರ್ ಉದ್ದದ ಊರು 30 ಸೆಂಟಿಮೀಟರಿನಲ್ಲಿ ಕೂಡುತ್ತದೆ. ಶಾಲೆಯಿಂದ ಹೊರಟು ದೊಡ್ಡ ಓಣಿಗಳನ್ನು ಮೊದಲು ಅಳೆದು ಅಸ್ಥಿಪಂಜರ ಮಾಡಿ, ಆಮೇಲೆ ಅಗಸಿ, ಚಾವಡಿ, ಹನುಮಪ್ಪನ ಗುಡಿ, ದರ್ಗಾ, ಬಾವಿ, ಕೆರೆ, ಹಗೇವು (ಕಾಳು ತುಂಬಿಡುವ ನೆಲಗುಂಡಿ) ತುಂಬಿಸಿ. ಹೊರಟ ಜಾಗಕ್ಕೇ ಸುತ್ತಿ ಬಂದು ಮುಗಿಸಬೇಕು. ಕಾಗದದ ಮೇಲೆ ಎರಡೂ ತುದಿ ಕೂಡದಿದ್ದರೆ ಎಷ್ಟು ತಪ್ಪಿತೆಂದು ನಕ್ಷೆಯ ಮೂಲೆಯಲ್ಲೇ ಬರೆಸಿ, ಮುಚ್ಚಿಡಬೇಡಿ. ಹೆಜ್ಜೆಯ ಅಳತೆಯಲ್ಲಿ 600 ಮೀಟರಿಗೆ 20-30 ಮೀಟರ್ ತಪ್ಪುವುದು ಸಹಜ.

ಮುಗಿದ ನಕ್ಷೆಯನ್ನು ಕಂದಾಯ ಇಲಾಖೆಯ ಗ್ರಾಮ ನಕಾಶೆ, ದಿಶಾಂಕ್ ಆ್ಯಪ್, ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯ ಹಾಳೆಗಳ ಪಕ್ಕ ಇಡಿ. ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರು, ಗಡಿ ಇವೆ, ಓಣಿಗಳ ಹೆಸರಿಲ್ಲ. ಅದು ಕಂದಾಯಕ್ಕಾಗಿ ಮಾಡಿದ್ದು. ಸರ್ವೆ ಹಾಳೆಯಲ್ಲಿ ನೀರಿದ್ದ ಹೊಳೆ ನೀಲಿ, ಬೇಸಿಗೆಗೆ ಒಣಗುವ ಹಳ್ಳ ಕಪ್ಪು, ಸಾಗುವಳಿ ಹಳದಿ, ಎತ್ತರದ ಸಮರೇಖೆ ಕಂದು. ನಮ್ಮ ಸೀಮೆಯ ಹಾಳೆಗಳಲ್ಲಿ ಕಪ್ಪು ಗೆರೆಗಳೇ ಹೆಚ್ಚು ಯಾಕೆ ಎಂದು ಮಕ್ಕಳು ತಾವೇ ಕೇಳುತ್ತಾರೆ. ಊರು ಯಾಕೆ ಇಲ್ಲೇ ಕೂತಿತು ಎಂಬುದನ್ನೂ ಕೇಳಿಸಿ. ಊರು ಗಟ್ಟಿ ನೆಲದ ದಿನ್ನೆಯ ಮೇಲೆ, ಎರಿ ಹೊಲ ಸುತ್ತಲೂ ಇದ್ದರೆ ಕಾರಣವನ್ನು ಬಿರುಕಿನಲ್ಲಿ ಹುಡುಕಬಹುದು: ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಾಯಿಬಿಟ್ಟು ಗೋಡೆಯನ್ನು ಸೀಳುತ್ತದೆ. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ಜೋಳದ ದಂಟು ಇಳಿಸಿ ಆಳ ಅಳೆದು ನೋಡಲಿ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹಳೆಯ ಊರು ಮುಳುಗಿದೆ. ಮಕ್ಕಳಿಗೆ ಅದು ಗೊತ್ತೇ ಇಲ್ಲ. ಹಿರಿಯರನ್ನು ಮಾತಾಡಿಸಿದರೆ ಒಬ್ಬೊಬ್ಬರದೂ ಒಂದೊಂದು ವರ್ಷ. ದಾಖಲಿಸುವುದು ಹೇಗೆ?
(ಓದುಗರು, ಬೀಳಗಿ ತಾಲೂಕು)

ಉತ್ತರ: ಬೇಗ ಮಾಡಿ. ಕಲ್ಲು ಕಾಯುತ್ತದೆ, ನೆನಪು ಕಾಯುವುದಿಲ್ಲ.

ಹಿರಿಯರನ್ನು ‘ಯಾವ ವರ್ಷ?’ ಎಂದು ಕೇಳಬೇಡಿ, ‘ಯಾವುದರ ಮೊದಲು, ಯಾವುದರ ನಂತರ?’ ಎಂದು ಕೇಳಿ. ತಾರೀಖು ಖಚಿತವಿರುವ ಘಟನೆಗಳ ಪಟ್ಟಿ ಕೈಯಲ್ಲಿರಲಿ: ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ 1 ನವೆಂಬರ್ 1956, ಕೊಯ್ನಾ ಭೂಕಂಪದ 11 ಡಿಸೆಂಬರ್ 1967, ಎಪ್ಪತ್ತೆರಡರ ಬರ, ಬಾಗಲಕೋಟೆ ಜಿಲ್ಲೆಯಾದ 1997, 2009ರ ಮತ್ತು 2019ರ ನೆರೆ. ‘ಮಗಳ ಲಗ್ನ ಆದ ಮರುವರ್ಷ ಊರು ಬಿಟ್ಟಿವಿ’ ಎಂದರೆ ಲಗ್ನಪತ್ರಿಕೆ ಹುಡುಕಿ. ಪರಿಹಾರದ ನೋಟಿಸು, ಹಳೆಯ ರೇಷನ್ ಕಾರ್ಡು, ವಿದ್ಯುತ್ ಬಿಲ್ಲು ಕೂಡ ವರ್ಷ ಹೇಳುತ್ತವೆ.

ಇಬ್ಬರನ್ನು ಒಂದೇ ಕಟ್ಟೆಯ ಮೇಲೆ ಕೂಡಿಸಿ ಕೇಳಿದರೆ ದನಿ ದೊಡ್ಡದಿದ್ದವರ ಮಾತೇ ಇಬ್ಬರ ಮಾತಾಗುತ್ತದೆ. ಬೇರೆಬೇರೆ ಕೇಳಿ. ಹೆಣ್ಣುಮಕ್ಕಳನ್ನು ತಪ್ಪದೇ ಕೇಳಿ. ಬಾವಿ, ಹಿತ್ತಲು, ಹಗೇವು, ನೆರೆಮನೆಯ ನಕ್ಷೆ ಅವರ ತಲೆಯಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತದೆ. ‘ಆಗ ಭಾಳ ತ್ರಾಸ ಆಗಿರಬೇಕಲ್ರೀ?’ ಎಂದರೆ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. ‘ಆ ದಿನ ಮುಂಜಾನಿ ಎದ್ದು ಏನು ಮಾಡಿದ್ರಿ?’ ಎಂದು ಕೇಳಿ ಸುಮ್ಮನಾಗಿ. ಮೌನ ಬಂದಾಗ ತುಂಬಲು ಹೋಗಬೇಡಿ, ಒಳ್ಳೆಯ ಮಾತು ಬರುವುದು ಅದರ ನಂತರವೇ. ಒಂದು ಸಲಕ್ಕೆ 40 ನಿಮಿಷ ಸಾಕು. ರೆಕಾರ್ಡ್ ಮಾಡಲು ಒಪ್ಪಿಗೆ ಬೇಕು. ಹೊಲದ ಜಗಳ, ಮನೆಯ ದುಃಖ ಬಂದರೆ ರೆಕಾರ್ಡಿಂಗ್ ನಿಲ್ಲಿಸಿ. ಯಾರಾದರೂ ಅತ್ತರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು ಎಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಇದರ ಜೋಡಿ ಒಂದು ನಕ್ಷೆಯ ಕೆಲಸ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. 1:50,000 ಹಾಳೆಯ ಸಮರೇಖೆಗಳು 20 ಮೀಟರಿಗೆ ಒಂದರಂತೆ ಇರುವುದರಿಂದ 520ರ ಗೆರೆ ಹೆಚ್ಚುಕಡಿಮೆ ಜಲಾಶಯದ ದಂಡೆಯೇ. ಅಣೆಕಟ್ಟಿಗಿಂತ ಹಳೆಯ ಸಮೀಕ್ಷೆಯ ಹಾಳೆ ಸಿಕ್ಕರೆ (ವರ್ಷ ಹಾಳೆಯ ಅಂಚಿನಲ್ಲಿರುತ್ತದೆ) ಪಾರದರ್ಶಕ ಕಾಗದವಿಟ್ಟು 520ರ ಗೆರೆಯನ್ನು ನೀಲಿ ಪೆನ್ಸಿಲಿನಿಂದ ತಿದ್ದಿಸಿ. ಇನ್ನೂ ಹಳೆಯ ಹಾಳೆಯಾದರೆ ಎತ್ತರ ಅಡಿಯಲ್ಲಿರುತ್ತದೆ; ಆಗ 1,700 ಅಡಿಯ ಗೆರೆ ಹಿಡಿಯಿರಿ, ಮಟ್ಟ ಸುಮಾರು 1,705 ಅಡಿ. ಗೆರೆಯ ಒಳಗೆ ಬಿದ್ದ ಊರು, ಗುಡಿ, ಬಾವಿ, ದಾರಿಗಳ ಹೆಸರು ಪಟ್ಟಿ ಮಾಡಿ, ಹಿರಿಯರು ಹೇಳಿದ ಹೆಸರುಗಳ ಜೊತೆ ಹೋಲಿಸಿ. ಅಜ್ಜಿಯ ಮಾತಿನಲ್ಲಿದ್ದು ನಕ್ಷೆಯಲ್ಲಿಲ್ಲದ ಬಾವಿಗೆ ಮಕ್ಕಳೇ ಗುರುತು ಹಾಕಲಿ, ಬೇರೆ ಬಣ್ಣದಲ್ಲಿ.

ಪ್ರಶ್ನೆ: ಖಾನಾಪುರದ ಕಡೆ ಮಳೆ ಸುರಿಯುವಾಗ ನಮ್ಮಲ್ಲಿ ಮೋಡ ಮಾತ್ರ. ಶಾಲೆಯಲ್ಲೇ ಮಳೆ ಅಳೆಯುವ ಸಾಧನ ಮಾಡಬಹುದೇ?
(ಏಳನೇ ತರಗತಿ ಮಕ್ಕಳು, ಅಥಣಿ ತಾಲೂಕು)

ಉತ್ತರ: ಮಾಡಬಹುದು. ಬದಿ ನೇರವಾಗಿರುವ 2 ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಲಾಳಿಕೆಯಂತೆ ಕೂಡಿಸಿ. ತಳ ಉಬ್ಬುತಗ್ಗು ಇರುವುದರಿಂದ ಸಣ್ಣ ಹರಳು ಹಾಕಿ, ನೇರ ಭಾಗ ಶುರುವಾಗುವ ತನಕ ನೀರು ತುಂಬಿ ಅಲ್ಲಿ ಸೊನ್ನೆ ಬರೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಹಚ್ಚಿ. ಗೋಡೆ, ಮರದಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇಡಿ. ಗಾಳಿಗೆ ಉರುಳದಂತೆ ಸುತ್ತ ಇಟ್ಟಿಗೆ. ದಿನವೂ ಮುಂಜಾನೆ ಎಂಟೂವರೆಗೆ ಓದಿ. ಹವಾಮಾನ ಇಲಾಖೆ ಒಂದು ದಿನದ ಮಳೆಯ ಲೆಕ್ಕ ಮುಗಿಸುವುದೂ ಆಗಲೇ, ಹೋಲಿಸಲು ಸುಲಭ. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಬಿಸಿಲಿಗೆ ಆರಿ ಕೆಳಗಿಳಿದಿದ್ದರೆ ತುಂಬಿ. ಮಳೆಯಿಲ್ಲದ ದಿನ ಖಾಲಿ ಬಿಡಬೇಡಿ, 0 ಬರೆಯಿರಿ; ಖಾಲಿ ಎಂದರೆ ನೋಡಲಿಲ್ಲ ಎಂದರ್ಥ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಅದನ್ನು ‘ಮಳೆಯ ದಿನ’ ಎಂದು ಲೆಕ್ಕ ಹಾಕುತ್ತಾರೆ.

ಖಾನಾಪುರದ ಶಾಲೆಯೊಂದರ ಜೊತೆ ಪತ್ರ ಮಾಡಿ ಅದೇ ದಿನಗಳ ಅಂಕಿ ತರಿಸಿಕೊಳ್ಳಿ. ಪಶ್ಚಿಮದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ, ಅಥಣಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ ಎಂಬ ಪಾಠವನ್ನು ನಿಮ್ಮದೇ ಅಂಕಿಗಳು ತೋರಿಸುತ್ತವೆ. ಹಿಂಗಾರಿನಲ್ಲೂ ಅಳೆಯುವುದನ್ನು ಬಿಡಬೇಡಿ. ಜೂನ್, ಜುಲೈಗಿಂತ ಸೆಪ್ಟೆಂಬರ್‌ನ ಪುಟ ನಿಮ್ಮ ಕಡೆ ಹೆಚ್ಚು ತುಂಬಿದ್ದರೆ ಬಿಳಿಜೋಳ ಯಾವಾಗ ಬಿತ್ತುತ್ತಾರೆ ಎಂದು ಮನೆಯಲ್ಲಿ ಕೇಳಿ.

ಪ್ರಶ್ನೆ: ಊರ ಹೊರಗಿನ ಹಾಳೂರು ದಿನ್ನೆಯಲ್ಲಿ ಮಕ್ಕಳಿಗೆ ಮಡಕೆ ಚೂರು, ಒಂದು ತಾಮ್ರದ ನಾಣ್ಯ ಸಿಕ್ಕಿವೆ. ಶಾಲೆಯಲ್ಲಿ ಸಂಗ್ರಹಾಲಯ ಮಾಡಬೇಕೆಂದಿದ್ದೇವೆ. ಇನ್ನಷ್ಟು ಅಗೆಯಬಹುದೇ?
(ಮುಖ್ಯ ಶಿಕ್ಷಕರು, ಸವದತ್ತಿ ತಾಲೂಕು)

ಉತ್ತರ: ಅಗೆಯಬೇಡಿ. ಚೂರಿನ ಬೆಲೆ ಚೂರಿನಲ್ಲಿಲ್ಲ, ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದರಲ್ಲಿದೆ. ಒಮ್ಮೆ ಕಿತ್ತರೆ ಆ ಸಾಕ್ಷಿ ಮತ್ತೆ ಹುಟ್ಟುವುದಿಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಹಸೀಲ್ದಾರರ ಮೂಲಕ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಬೇಡಿ. ಹಸಿರು ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಒಣ ಕಾಗದದಲ್ಲಿ ಸುತ್ತಿ, ಸಿಕ್ಕ ದಿನ, ಸರ್ವೆ ನಂಬರು, ಹತ್ತಿರದ ಗುರುತಿನಿಂದ ಹೆಜ್ಜೆಯ ದೂರ ಬರೆದಿಡಿ.

ಚೂರುಗಳನ್ನು ಇದ್ದಲ್ಲೇ ಬಿಟ್ಟು ದಾಖಲಿಸಬಹುದು. 1 ಮೀಟರ್ ಚೌಕದ ಹಗ್ಗ ಹಾಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದ ಫೋಟೋ ತೆಗೆಯಿರಿ. ಕೆಂಪು, ಕಪ್ಪು, ನಯಗೊಳಿಸಿದ್ದು, ಅಂಚಿನ ತುಂಡು ಎಂದು ಎಣಿಸಿ. ದಿನ್ನೆಯ ನಡುವೆ ಒಂದು, ಅಂಚಿನಲ್ಲಿ ಒಂದು, ಹೊರಗಿನ ಹೊಲದಲ್ಲಿ ಒಂದು, ಹೀಗೆ ಹತ್ತು ಚೌಕ ಎಣಿಸಿದರೆ ಹಳೆಯ ಊರು ಎಲ್ಲಿಯವರೆಗೆ ಹರಡಿತ್ತೆಂಬ ಅಂದಾಜು ಸಿಗುತ್ತದೆ. ನೇಗಿಲು ಚೂರುಗಳನ್ನು ಎಳೆದೊಯ್ಯುವುದರಿಂದ ಉತ್ತ ಹೊಲದ ಚೌಕಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಸಂಗ್ರಹಾಲಯದಲ್ಲಿ ಈ ಫೋಟೋ, ನಕ್ಷೆ, ಎಣಿಕೆಯ ಹಾಳೆಗಳು ಗೋಡೆಗೆ ಬರಲಿ. ಮೇಜಿನ ಮೇಲೆ ಮಕ್ಕಳು ಮನೆಯಿಂದ ತಂದ ಸೇರು, ಪಾವು, ಬೀಸುವ ಕಲ್ಲು, ಹಳೆಯ ಪಂಚಾಂಗ ಇರಲಿ, ಪ್ರತಿಯೊಂದಕ್ಕೂ ಒಂದು ಚೀಟಿ: ಏನು, ಯಾರ ಮನೆಯದು, ಯಾವಾಗಿನದು, ಮತ್ತು ಕೊನೆಯ ಸಾಲಿನಲ್ಲಿ ‘ಹೆಂಗ ಗೊತ್ತಾತು?’